ನಾಲ್ಕನೆಯವನ ತಲೆನೋವು

ಹಿಂದಿನ ಗೇಟಿನ ಬೀದಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ಯಾರೇ ಆಗಲಿ ಓನರಿಗೆ ಕೇಳುವುದು ಮೂರೇ ಪ್ರಶ್ನೆ. ಅಡ್ವಾನ್ಸ್ ಎಷ್ಟು, ನೀರು ಯಾವಾಗ ಬಿಡ್ತಾರೆ, ಬಿಸಿನೀರಿಗೆ ಏನಿದೆ. ಮೂರನೆಯದಕ್ಕೆ ಇಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಗ್ಯಾಸ್ ಗೀಸರ್ ಇದೆ, ನಲ್ಲಿ ತಿರುಗ್ಸಿದ್ರೆ ಬಿಸಿನೀರು." ಕರೆಂಟಿನ ಗೀಸರಾದರೆ ಬಿಲ್ಲಿನ ಜಗಳ, ಸೋಲಾರಾದರೆ ಮೂರನೆಯವನ ಹೊತ್ತಿಗೇ ನೀರು ತಣ್ಣಗೆ. ಗ್ಯಾಸಿನದಕ್ಕೆ ಈ ರಗಳೆ ಇಲ್ಲ. ಹಾಗಾಗಿ ಹುಡುಗರಿಗೆ ಬಾಡಿಗೆ ಕೊಡುವ ಮನೆಗಳಲ್ಲೆಲ್ಲ ಅದೇ.

ನಮ್ಮ ಮನೆಯಲ್ಲೂ ಅದೇ ಇತ್ತು. ನಾವು ನಾಲ್ವರು, ಒಬ್ಬರನ್ನೊಬ್ಬರು ಕರೆಯುವುದು ಬ್ರಾಂಚಿನ ಹೆಸರಲ್ಲಿ. ಶಿರಸಿಯ ಮೆಕ್ಯಾನಿಕಲ್, ರಾಯಚೂರಿನ ಸಿವಿಲ್, ಹಾಸನದ ಇಸಿ, ತುಮಕೂರಿನ ಕೆಮಿಕಲ್. ಬಚ್ಚಲು ಒಂದೇ. ನಾಲ್ಕು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರ. ಈ ಅಳತೆ ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ. ಗೀಸರನ್ನು ಬಚ್ಚಲ ಒಳಗೇ, ಬಾಗಿಲ ಪಕ್ಕದ ಗೋಡೆಗೆ ಹೊಡೆದಿದ್ದರು. ಮೇಲೆ ಗಾಜಿನ ಪಟ್ಟಿಗಳ ಒಂದು ವೆಂಟಿಲೇಟರ್. ಸೊಳ್ಳೆ ಬರುತ್ತೆ ಅಂತ ನಮಗಿಂತ ಮುಂಚೆ ಇದ್ದವರು ಅದಕ್ಕೆ ಪ್ಲಾಸ್ಟಿಕ್ ಶೀಟು ಬಡಿದಿದ್ದರು.

ಡಿಸೆಂಬರಿನಲ್ಲಿ ಕೆಮಿಕಲ್‌ಗೆ ತಲೆನೋವು ಶುರುವಾಯಿತು. ಏಳುವಾಗ ಇರುತ್ತಿರಲಿಲ್ಲ. ಎಂಟು ಗಂಟೆಯ ಕ್ಲಾಸಿಗೆ ಹೊರಡುವಾಗ ಇರುತ್ತಿತ್ತು, ಊಟದ ಹೊತ್ತಿಗೆ ಹೋಗಿಬಿಡುತ್ತಿತ್ತು. ಮೊದಲನೇ ಪೀರಿಯಡ್ ಯಾವುದು ಅಂತ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ. ರಾತ್ರಿ ನಿದ್ದೆಗೆಟ್ಟಿದ್ದು ಅಂದರು ಒಬ್ಬರು, ಕನ್ನಡಕದ ನಂಬರ್ ಬದಲಾಗಿರಬೇಕು ಅಂದರು ಇನ್ನೊಬ್ಬರು, ಬೀದಿ ಕೊನೆಯ ಗಾಡಿಯ ಗೋಬಿ ಮಂಚೂರಿಗೂ ಒಂದು ಪಾಲು ಅಪವಾದ ಬಂತು. ಅಷ್ಟರಲ್ಲಿ ಇಂಟರ್ನಲ್ಸ್ ಬಂದು ಟೈಮ್‌ಟೇಬಲ್ ಬದಲಾಯಿತು. ಕೆಮಿಕಲ್ ಮೊದಲು ಸ್ನಾನ ಮಾಡತೊಡಗಿದ, ಸಿವಿಲ್ ಕೊನೆಗೆ ಬಂದ. ಮೂರೇ ದಿನಕ್ಕೆ ತಲೆನೋವು ಕೆಮಿಕಲ್‌ನನ್ನು ಬಿಟ್ಟು ಸಿವಿಲ್‌ನನ್ನು ಹಿಡಿಯಿತು. ಅದನ್ನು ಗಮನಿಸಿದ್ದು ಇಸಿ. ಅವನ ಮಾತು ಹೀಗಿತ್ತು: "ತಲೆನೋವು ಮನುಷ್ಯನಿಗೆ ಬರ್ತಿಲ್ಲ ಕಣ್ರೋ, ನಾಲ್ಕನೇ ನಂಬರಿಗೆ ಬರ್ತಿದೆ."

ಆ ಮಾತು ಆಡಿ ಎರಡು ದಿನ ಆಗಿರಬೇಕು. ಸಿವಿಲ್ ಸ್ನಾನ ಮುಗಿಸಿ ಬಾಗಿಲು ತೆಗೆದು ಹೊರಗೆ ಬಂದವನೇ ಗೋಡೆ ಹಿಡಿದು ಕೂತುಬಿಟ್ಟ. ವಾಕರಿಕೆ, ಕಣ್ಣು ಮಂಜು. "ಕಾಲಾಗ ಶಕ್ತೀನ ಇಲ್ಲಲೇ" ಅಂದ. ಕೋವಿಡ್ ಕಾಲದಲ್ಲಿ ಮನೆಯಿಂದ ತಂದಿಟ್ಟಿದ್ದ ಆಕ್ಸಿಮೀಟರನ್ನು ಬೆರಳಿಗೆ ಹಾಕಿದರೆ 98 ತೋರಿಸಿತು. 98 ಅಂದರೆ ಡಿಸ್ಟಿಂಕ್ಷನ್. ಆದರೆ ಆಸಾಮಿಗೆ ಎದ್ದು ನಿಲ್ಲಲು ಆಗುತ್ತಿಲ್ಲ.

ಇಸಿಯ ಅಕ್ಕ ಡಾಕ್ಟರು. ಫೋನ್ ಮಾಡಿ ಆಕ್ಸಿಜನ್ 98 ಇದೆ ಅಂತ ಹೇಳಿದ್ದಕ್ಕೆ ಅವರು ಕೇಳಿದ್ದು ಒಂದೇ ಪ್ರಶ್ನೆ, "ಗೀಸರ್ ಎಲ್ಲಿದೆ?"

"ಬಚ್ಚಲಲ್ಲೇ ಅಕ್ಕ."

"ಮೊದಲು ಅದನ್ನ ಆಫ್ ಮಾಡಿ, ಕಿಟಕಿ ಬಾಗಿಲೆಲ್ಲ ತೆಗೀರಿ. ಅವನನ್ನ ಹೊರಗೆ ಗಾಳಿಗೆ ಕರ್ಕೊಂಡು ಬಂದು ಸೀದಾ ಆಸ್ಪತ್ರೆಗೆ ಹೋಗಿ. ಹೋದ ತಕ್ಷಣ ಗ್ಯಾಸ್ ಗೀಸರ್ ಅನ್ನೋ ಮಾತು ಹೇಳಿ, ಮರೀಬೇಡಿ. ಆ ಮೆಷಿನ್ ಇಲ್ಲಿ ಸುಳ್ಳು ಹೇಳುತ್ತೆ."

ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದರು, ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರು. ಸಂಜೆ ಹೊತ್ತಿಗೆ ಸಿವಿಲ್ ಬಿಟ್ಟುಹೋದ ಇಂಟರ್ನಲ್ಸ್ ಬಗ್ಗೆ ಗೊಣಗುವಷ್ಟು ಸರಿಯಾದ. ಇಷ್ಟರಲ್ಲೇ ಮುಗಿಯಿತಲ್ಲ ಅಂತ ಅವನ ಅಪ್ಪ ಊರಿಂದ ರಾತ್ರಿ ಬಸ್ಸಲ್ಲಿ ಬಂದು, ಅವನನ್ನು ನೋಡಿ, ಹತ್ತು ನಿಮಿಷ ಏನೂ ಮಾತಾಡದೆ ಕೂತಿದ್ದರು.

ಮೆಷಿನ್ ಸುಳ್ಳು ಹೇಳಿದ್ದು ಹೇಗೆ ಅನ್ನೋದು ಇಸಿಯವರಿಗೆ ರುಚಿಸುವ ವಿಷಯ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಎರಡೇ ಬೆಳಕು ಬಿಡುತ್ತೆ: 660 ನ್ಯಾನೋಮೀಟರಿನ ಕೆಂಪು, 940 ನ್ಯಾನೋಮೀಟರಿನ ಇನ್‌ಫ್ರಾರೆಡ್. ರಕ್ತ ಯಾವುದನ್ನು ಎಷ್ಟು ಹೀರಿತು ಎಂಬ ಲೆಕ್ಕದಲ್ಲಿ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಎಷ್ಟು, ಹೊರದಿದ್ದುದು ಎಷ್ಟು ಅಂತ ಹೇಳುತ್ತೆ. ಕಾರ್ಬನ್ ಮೊನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಹೀರುವ ರೀತಿ ಆಮ್ಲಜನಕ ಹೊತ್ತದ್ದರ ಹಾಗೇ ಇದೆ. ಎರಡೂ ಕಡುಗೆಂಪು. ಸೀಟು ಹಿಡಿದಿರುವವರು ಯಾರು ಅಂತ ನೋಡದೆ ಸೀಟು ತುಂಬಿದೆ ಅಂತ ಬರೆದುಕೊಳ್ಳುವ ಕಂಡಕ್ಟರ್ ಇದ್ದ ಹಾಗೆ. ಈ ಅನಿಲಕ್ಕೆ ಹಿಮೋಗ್ಲೋಬಿನ್ ಜೊತೆಗಿನ ಸಖ್ಯ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು, ಒಮ್ಮೆ ಕೂತರೆ ಸುಲಭಕ್ಕೆ ಏಳುವುದಿಲ್ಲ. ಮಾಮೂಲಿ ಗಾಳಿ ಉಸಿರಾಡುತ್ತಿದ್ದರೆ ಅದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ. ಮಾಸ್ಕಿನ ಮಹತ್ವ ಅದು. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಇವೇ ಲಕ್ಷಣಗಳಾದ್ದರಿಂದ ಗ್ಯಾಸ್ಟ್ರಿಕ್ ಅಂತಲೋ ಜ್ವರ ಬರೋ ಹಾಗಿದೆ ಅಂತಲೋ ಯಾರಿಗಾದರೂ ಅನ್ನಿಸುತ್ತೆ. ಗೀಸರ್ ಎಂಬ ಒಂದು ಶಬ್ದ ಬಾಯಿಗೆ ಬಂದರೆ ಮಾತ್ರ ದಾರಿ ಬೇರೆಯಾಗುತ್ತೆ.

ಆ ರಾತ್ರಿ ನಾವು ಓದಲಿಲ್ಲ, ಲೆಕ್ಕ ಮಾಡಿದೆವು. ಥರ್ಮೋ ಪೇಪರಿನಲ್ಲಿ ಇಷ್ಟು ಆಸ್ಥೆಯಿಂದ ಯಾರೂ ಲೆಕ್ಕ ಮಾಡಿದ್ದಿಲ್ಲ.

ನಮ್ಮ ಗೀಸರು ನಿಮಿಷಕ್ಕೆ 6 ಲೀಟರಿನದು. ಡಿಸೆಂಬರಿನ ಟ್ಯಾಂಕಿ ನೀರನ್ನು ಅದು 25 ಡಿಗ್ರಿಯಷ್ಟು ಬಿಸಿ ಮಾಡುತ್ತೆ ಅಂದುಕೊಳ್ಳಿ. ಸೆಕೆಂಡಿಗೆ 0.1 ಕಿಲೋ ನೀರು, 4.186, 25, ಗುಣಿಸಿದರೆ ಸುಮಾರು 10.5 ಕಿಲೋವ್ಯಾಟ್. ದಕ್ಷತೆ ಶೇ. 84ರ ಹತ್ತಿರ ಅಂತ ಹಿಡಿದರೆ ಬರ್ನರಿನಲ್ಲಿ ಉರಿಯುತ್ತಿರುವುದು 12.5 ಕಿಲೋವ್ಯಾಟ್. ಕರೆಂಟಿನ ಗೀಸರು ಎಳೆಯುವುದು 2 ಅಥವಾ 3 ಕಿಲೋವ್ಯಾಟ್ ಅನ್ನುವುದು ನೆನಪಿರಲಿ. ಎಲ್‌ಪಿಜಿಯ ಕಿಲೋಗೆ 46 ಮೆಗಾಜೂಲ್ ಲೆಕ್ಕದಲ್ಲಿ ಇದಕ್ಕೆ ನಿಮಿಷಕ್ಕೆ 16 ಗ್ರಾಂ ಗ್ಯಾಸು ಬೇಕು. ಇಲ್ಲಿಯವರೆಗೆ ನಮ್ಮೆಲ್ಲರ ಗಮನ ಇದ್ದದ್ದು ಸಿಲಿಂಡರು ಎಷ್ಟು ದಿನ ಬರುತ್ತೆ ಎಂಬುದರ ಮೇಲೆ. ಕೆಮಿಕಲ್ ಮುಂದಕ್ಕೆ ಹೋದ. ಬ್ಯೂಟೇನ್ ಒಂದು ಮೋಲ್ ಪೂರ್ತಿ ಉರಿಯಬೇಕಾದರೆ ಆರೂವರೆ ಮೋಲ್ ಆಮ್ಲಜನಕ ಬೇಕು. ಹತ್ತು ನಿಮಿಷದ ಒಂದು ಸ್ನಾನಕ್ಕೆ 160 ಗ್ರಾಂ ಗ್ಯಾಸು, ಅದಕ್ಕೆ ಸುಮಾರು 440 ಲೀಟರ್ ಆಮ್ಲಜನಕ.

ಈಗ ಬಚ್ಚಲಿನ ಅಳತೆ. ನಾಲ್ಕು, ಆರು, ಎಂಟು ಅಂದರೆ 192 ಘನ ಅಡಿ, ಸುಮಾರು 5,400 ಲೀಟರ್. ಅದರಲ್ಲಿ ಆಮ್ಲಜನಕ ಶೇ. 21, ಸುಮಾರು 1,130 ಲೀಟರ್. ಒಂದು ಸ್ನಾನಕ್ಕೆ 440 ಆದರೆ ನಾಲ್ಕು ಸ್ನಾನಕ್ಕೆ 1,760. ಅಂದರೆ ಆ ಕೋಣೆಯಲ್ಲಿ ಇರುವುದಕ್ಕಿಂತ ಜಾಸ್ತಿ. ಬಾಗಿಲ ಕೆಳಗಿನ ಸಂದಿ, ನಡುನಡುವೆ ಬಾಗಿಲು ತೆಗೆದು ಮುಚ್ಚಿದ್ದು, ಇವೇ ನಮ್ಮನ್ನು ಅಷ್ಟು ದಿನ ಕಾಪಾಡಿದ್ದು. ಅಷ್ಟೂ ಆಮ್ಲಜನಕ ಮುಗಿಯುವ ತನಕ ಕಾಯಬೇಕಾಗಿಯೂ ಇಲ್ಲ. ಶೇ. 21 ಇದ್ದದ್ದು 18ಕ್ಕೆ ಇಳಿಯಲು, ಪೂರ್ತಿ ಮುಚ್ಚಿದ ಕೋಣೆಯಾದರೆ, ನಾಲ್ಕು ನಿಮಿಷ ಬೇಡ. ಗಾಳಿ ಕಮ್ಮಿಯಾಗಿ, ಉರಿಯಿಂದ ಬಂದ ಕಾರ್ಬನ್ ಡಯಾಕ್ಸೈಡೇ ಮತ್ತೆ ಉರಿಯೊಳಗೆ ಹೋಗತೊಡಗಿದರೆ ದಹನ ಅರ್ಧಂಬರ್ಧ ಆಗುತ್ತೆ. ಆಗ ಹುಟ್ಟುವುದು ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯಲ್ಲ, ಕೆಮ್ಮು ಬರಲ್ಲ.

ಗೀಸರಿನಲ್ಲಿ 20 ನಿಮಿಷಕ್ಕೆ ತಾನೇ ಆರುವ ಟೈಮರ್ ಇತ್ತು. ಆದರೆ ನಲ್ಲಿ ಮುಚ್ಚಿ ಮತ್ತೆ ತೆರೆದರೆ ಅದು ಸೊನ್ನೆಯಿಂದ ಎಣಿಸುತ್ತೆ. ಹತ್ತತ್ತು ನಿಮಿಷದ ನಾಲ್ಕು ಸ್ನಾನಕ್ಕೆ ಅದು ಒಮ್ಮೆಯೂ ಆರಬೇಕಾಗಿಲ್ಲ. ಉರಿ ಇದೆಯೋ ಇಲ್ಲವೋ ನೋಡುವ ಕಡ್ಡಿಯೂ ಒಂದಿದೆ. ಉರಿಯೊಳಗೆ ಅಯಾನುಗಳಿರುವುದರಿಂದ ಅದರ ಮೂಲಕ ಮೈಕ್ರೋ ಆಂಪಿಯರ್ ಲೆಕ್ಕದ ಕರೆಂಟು ಹರಿಯುತ್ತೆ; ಹರಿಯುವುದು ನಿಂತರೆ ಗ್ಯಾಸಿನ ವಾಲ್ವ್ ಮುಚ್ಚುತ್ತೆ. ಬಹಳ ಚಂದದ ಉಪಾಯ. ಆದರೆ ಆ ಕಡ್ಡಿಗೆ ಗೊತ್ತಿರುವುದು ಉರಿ ಇದೆ ಎಂಬುದಷ್ಟೇ. ಕೋಣೆಯಲ್ಲಿ ಗಾಳಿ ಇದೆಯೇ, ಮನುಷ್ಯ ಎದ್ದು ನಿಂತಿದ್ದಾನೆಯೇ ಅದಕ್ಕೆ ತಿಳಿಯದು. ಆಮ್ಲಜನಕ ಇಳಿದರೆ ಆರಿಸುವ ಸೆನ್ಸರ್ ಇರುವ ಗೀಸರುಗಳೂ ಇವೆ. ನಮ್ಮದರಲ್ಲಿ ಇರಲಿಲ್ಲ.

ಮಾರನೆಯ ದಿನ ಗೀಸರ್ ರಿಪೇರಿಯವರನ್ನು ಕರೆಸಿದೆವು. ಐವತ್ತು ದಾಟಿದವರು, ಮಾತು ಕಮ್ಮಿ. ಬಚ್ಚಲಿಗೆ ಕಾಲಿಟ್ಟು ಮೊದಲು ನೋಡಿದ್ದು ಗೀಸರನ್ನಲ್ಲ, ವೆಂಟಿಲೇಟರನ್ನು. ಸ್ಟೂಲು ಕೇಳಿ ಹತ್ತಿ ಆ ಪ್ಲಾಸ್ಟಿಕ್ ಶೀಟು ಕಿತ್ತು ಕೆಳಗೆ ಹಾಕಿದರು. ಆಮೇಲೆ ಕವರ್ ಬಿಚ್ಚಿದರು. ಮೇಲಿನ ತಾಮ್ರದ ರೆಕ್ಕೆಗಳ ಸಂದಿಯಲ್ಲಿ ಕಪ್ಪು ಮಸಿ ಒತ್ತಾಗಿ ಕೂತಿತ್ತು. ಬರ್ನರಿನ ಒಂದು ತೂತಿನಲ್ಲಿ ಜೇಡರ ಬಲೆ. "ಇಲ್ಲಿ ಬಲೆ ಕಟ್ಟಿದ್ರೆ ಗಾಳಿ ಸರಿಯಾಗಿ ಹೋಗಲ್ಲ ನೋಡ್ರಪ್ಪ, ಉರಿ ಹಳದಿ ಆಗುತ್ತೆ, ಮಸಿ ಕೂರುತ್ತೆ. ಮಸಿ ಕೂತ್ರೆ ಇನ್ನೂ ಗಾಳಿ ಎಳೆಯಲ್ಲ" ಅಂದರು. ಇಸಿ ಸಣ್ಣಗೆ "ಪಾಸಿಟಿವ್ ಫೀಡ್‌ಬ್ಯಾಕ್" ಅಂದ. ಅವರಿಗೆ ಕೇಳಿಸಿತೋ ಇಲ್ಲವೋ. ಬ್ರಷ್ಷಿನಲ್ಲಿ ಮಸಿ ಉಜ್ಜುತ್ತಲೇ, ಇದನ್ನು ವರ್ಷಕ್ಕೊಮ್ಮೆ ಚಳಿಗಾಲ ಶುರುವಾಗುವ ಮುಂಚೆ ಮಾಡಿಸಬೇಕು, ಬೋರ್‌ವೆಲ್ ನೀರಾದರೆ ಒಳಗಿನ ಸುರುಳಿಯಲ್ಲಿ ಸುಣ್ಣವೂ ಕಟ್ಟುತ್ತೆ, ಅದನ್ನೂ ತೆಗೆಸಬೇಕು, ಹುಡುಗರೇ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಲು ಹೋಗಬಾರದು ಅಂತೆಲ್ಲ ಹೇಳಿದರು. ಕೊನೆಯ ಮಾತು ನಮ್ಮ ಮೆಕ್ಯಾನಿಕಲ್‌ನ ಮುಖ ನೋಡಿಕೊಂಡೇ ಹೇಳಿದ್ದು. ಉರಿ ನೀಲಿಯಾಗಿದ್ದರೆ ಸಾಕಾ ಅಂತ ಕೇಳಿದ್ದಕ್ಕೆ, "ಹಳದಿ ಇದ್ರೆ ಕೆಟ್ಟದ್ದು ಗ್ಯಾರಂಟಿ. ನೀಲಿ ಇದ್ರೆ ಒಳ್ಳೇದು ಅಂತ ಗ್ಯಾರಂಟಿ ಇಲ್ಲ" ಅಂದರು. ಹೋಗುವಾಗ ಗೀಸರಿನ ಪಕ್ಕದಲ್ಲಿದ್ದ ಸಣ್ಣ ಅಕ್ಷರದ ಸ್ಟಿಕ್ಕರಿನ ಮೇಲೆ ಬೆರಳಿಟ್ಟು ತೋರಿಸಿದರು. ಮುಚ್ಚಿದ ಬಚ್ಚಲಿನಲ್ಲಿ ಇದನ್ನು ಅಳವಡಿಸಬಾರದು ಅಂತ ಅದರಲ್ಲೇ ಬರೆದಿತ್ತು, ಇಂಗ್ಲಿಷಿನಲ್ಲಿ.

ಇನ್ನು ಓನರ್ ಅಂಕಲ್. ಕೆಳಗಿನ ಮನೆಯಲ್ಲೇ ಇರುತ್ತಾರೆ, ನಿವೃತ್ತರು, ಕೆಟ್ಟವರಲ್ಲ. ಗೀಸರನ್ನು ಹಿಂದಿನ ಯುಟಿಲಿಟಿಗೆ ಹಾಕಿ, ಗೋಡೆ ಕೊರೆದು ಬಿಸಿನೀರಿನ ಪೈಪ್ ಮಾತ್ರ ಒಳಗೆ ಬಿಡಿಸಿಕೊಡಿ ಅಂತ ನಾವು ಕೇಳಿದ್ದು. "ಹನ್ನೊಂದು ವರ್ಷದಿಂದ ಅಲ್ಲೇ ಇದೆ ಕಣ್ರಪ್ಪಾ, ಯಾರಿಗೂ ಏನೂ ಆಗಿಲ್ಲ" ಅಂದರು. ನಾವು ಲೆಕ್ಕದ ಹಾಳೆ ಬಿಚ್ಚಿದೆವು. 440 ಲೀಟರ್, 1,130 ಲೀಟರ್, ಮೋಲು, ಮೆಗಾಜೂಲು. ಅಂಕಲ್ ಕನ್ನಡಕ ಏರಿಸಿ ಹಾಳೆ ನೋಡಿದರು, ಇಳಿಸಿ ನಮ್ಮನ್ನು ನೋಡಿದರು. ಎಗ್ಸಾಸ್ಟ್ ಫ್ಯಾನ್ ಹಾಕಿಸಿಕೊಡ್ತೀನಿ ಸಾಕಲ್ವಾ ಅಂದರು. ಗಾಳಿ ಒಳಗೆ ಬರಲು ದಾರಿ ಇಲ್ಲದೆ ಫ್ಯಾನ್ ಏನನ್ನು ಹೊರಗೆ ಹಾಕುತ್ತೆ ಅಂತ ಸಿವಿಲ್ ಶುರುಮಾಡಿದ. ಮಾತು ಅಲ್ಲೇ ಸುತ್ತತೊಡಗಿತು.

ಅಷ್ಟರಲ್ಲಿ ಆಂಟಿ ಒಳಗಿಂದ ಬಂದರು. ಸೊಪ್ಪು ಬಿಡಿಸುತ್ತಾ ಎಲ್ಲಾ ಕೇಳಿಸಿಕೊಂಡಿದ್ದರು ಅಂತ ಕಾಣುತ್ತೆ. "ನಮ್ಮ ತವರುಮನೇಲಿ ಹಂಡೆ ಒಲೆಗೆ ಉರಿ ಹಾಕ್ತಿದ್ದಿದ್ದು ಹೊರಗಿಂದ. ಹಂಡೆ ಒಳಗೆ, ಒಲೆ ಬಾಯಿ ಹೊರಗೆ. ಬಚ್ಚಲಲ್ಲಿ ಕೂತೋರಿಗೆ ಹೊಗೆ ತಾಗ್ತಿರಲಿಲ್ಲ. ನೀವು ಹೇಳ್ತಿರೋದೂ ಅದೇ ಅಲ್ವೇನ್ರೋ?"

ಅದೇ ಆಂಟಿ, ನಾವು ಎರಡು ಹಾಳೆಯಲ್ಲಿ ಹೇಳಲಾಗದೆ ಇದ್ದದ್ದು ಅದೇ.

ಆಮೇಲೆ ಮನೆಗೆ ಬಂದು ನಾವು ಈ ವಿಷಯ ತುಂಬ ಹೊತ್ತು ಮಾತಾಡಿದೆವು. ಶಿರಸಿ ಕಡೆಯ ಬಚ್ಚಲಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಗರಿ ಹಾಕಿ ಹಂಡೆ ಕಾಯಿಸುತ್ತಾರೆ. ಹೊಗೆ ಹೋಗಲು ಹೆಂಚಿನ ಸಂದಿ ಇರುತ್ತೆ, ಗೋಡೆಯ ಮೇಲ್ಭಾಗದಲ್ಲಿ ಕಿಂಡಿ ಇರುತ್ತೆ. ತೊಲೆಯೆಲ್ಲ ಕಪ್ಪಗೆ ಹೊಳೆಯುತ್ತೆ. ರಾಯಚೂರಿನ ಸಿವಿಲ್‌ನ ಅಜ್ಜನ ಮನೆಯಲ್ಲಿ ಅಡಿಗೆಮನೆಯ ಮಾಳಿಗೆಗೆ ಬೆಳಕಿಂಡಿ, ಅದೇ ಹೊಗೆಯ ದಾರಿಯೂ ಹೌದು. ಅಲ್ಲೆಲ್ಲ ಯಾರೂ ಮೋಲ್ ಲೆಕ್ಕ ಮಾಡಿರಲಿಲ್ಲ. ಹೊಗೆ ಕಣ್ಣಿಗೆ ಚುಚ್ಚುತ್ತಿತ್ತು, ಅದಕ್ಕೆ ದಾರಿ ಬಿಟ್ಟರು. ಗ್ಯಾಸು ಬಂತು, ಹೊಗೆ ಕಾಣಿಸದಾಯಿತು, ಗೋಡೆ ಬೆಳ್ಳಗೇ ಉಳಿಯಿತು. ಆಗ ಕಿಂಡಿ ಯಾಕೆ ಬೇಕು ಅಂತ ಅನ್ನಿಸಿರಬೇಕು. ಟೈಲ್ಸ್ ಹಾಕಿದರು, ಅಲ್ಯೂಮಿನಿಯಂ ಬಾಗಿಲು ಕೂರಿಸಿದರು, ಸೊಳ್ಳೆಗೆ ಶೀಟು ಬಡಿದರು. ಹಾಗಂತ ಹಳೆಯ ಕಾಲದ್ದೆಲ್ಲ ಸುರಕ್ಷಿತ ಅಂತ ನಾವು ಹೇಳುತ್ತಿಲ್ಲ. ಮಳೆಗಾಲದ ಚಳಿಗೆ ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಂಡರೆ ಅದೂ ಇದೇ ಕೆಲಸ ಮಾಡುತ್ತೆ. ನಿಗಿನಿಗಿ ಕೆಂಡದಲ್ಲಿ ಹೊಗೆ ಇರುವುದಿಲ್ಲ, ಅದೇ ಅಪಾಯ.

ಗೀಸರು ಜನವರಿಯ ಮೊದಲ ವಾರ ಯುಟಿಲಿಟಿಗೆ ಹೋಯಿತು. ಪ್ಲಂಬರ್ ಖರ್ಚು ಅಂಕಲ್‌ದು, ಸರ್ವೀಸಿನದು ನಮ್ಮದು. ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಬರೀ ಗ್ರಿಲ್. ಮಳೆ ನೀರು ಸಿಡಿಯದ ಹಾಗೆ, ಮಲಗುವ ಕೋಣೆಯ ಕಿಟಕಿಯಿಂದ ದೂರ ಇರುವ ಹಾಗೆ ಜಾಗ ಹುಡುಕಲು ಸಿವಿಲ್ ಅಳತೆ ಟೇಪು ಹಿಡಿದು ಅರ್ಧ ದಿನ ತಗೊಂಡ. ಪ್ರಾಣ ಅವನದೇ ಆಗಿತ್ತಲ್ಲ, ನಾವು ಯಾರೂ ಅವಸರ ಮಾಡಲಿಲ್ಲ. ಗೀಸರ್ ಬಿಚ್ಚಿದಾಗ ಇನ್ನೊಂದು ಸಂಗತಿ ಹೊರಗೆ ಬಂತು. ಗ್ಯಾಸಿನ ರಬ್ಬರ್ ಪೈಪನ್ನು ಗೋಡೆಯ ತೂತಿನ ಒಳಗಿಂದ ಎಳೆದು ತಂದಿದ್ದರು. ಒಳಗೆ ಎಲ್ಲಿ ಬಿರುಕು ಬಿಟ್ಟಿದೆ ಅಂತ ನೋಡುವ ಹಾಗೇ ಇರಲಿಲ್ಲ. ಕಿತ್ತಳೆ ಬಣ್ಣದ ಆ ಸುರಕ್ಷಾ ಪೈಪಿನ ಮೈಮೇಲೆ ವರ್ಷ ಅಚ್ಚಾಗಿರುತ್ತೆ. ಐದು ವರ್ಷಕ್ಕೆ ಬದಲಾಯಿಸಬೇಕು. ನಿಮ್ಮ ಮನೆಯದನ್ನು ಈಗಲೇ ಹೋಗಿ ನೋಡಬಹುದು, ಟಾರ್ಚ್ ಇದ್ದರೆ ಸಾಕು. ಸಿಲಿಂಡರಿನ ಕೊರಳಿನ ಪಟ್ಟಿಯ ಒಳಬದಿಯಲ್ಲೂ ಒಂದು ಅಕ್ಷರ, ಎರಡು ಅಂಕಿ ಇರುತ್ತವೆ. ಎ ಅಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್, ಅಂಕಿ ವರ್ಷದ್ದು. ಅದು ಮುಂದಿನ ಪರೀಕ್ಷೆಯ ಗಡುವು. ದಾಟಿದ್ದರೆ ಸಿಲಿಂಡರ್ ತಂದವರಿಗೇ ವಾಪಸ್ ಕೊಡಿ.

ಸೋರುವ ಗ್ಯಾಸು ಮತ್ತು ಉರಿದು ಹುಟ್ಟುವ ವಿಷ, ಇವೆರಡನ್ನೂ ಒಂದೇ ಅಂತ ಬಹಳ ಜನ ತಿಳಿದಿದ್ದಾರೆ. ಎರಡರ ಸ್ವಭಾವ ಬೇರೆ. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ, ಸೋರಿದರೆ ತಿಳಿಯಲಿ ಅಂತ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಗಾಳಿಗಿಂತ ಭಾರ, ನೆಲದಲ್ಲಿ ನೀರಿನ ಹಾಗೆ ಹರಡುತ್ತೆ. ಅದಕ್ಕೇ ಸಿಲಿಂಡರ್ ಇಡುವ ಜಾಗದಲ್ಲಿ ನೆಲಮಟ್ಟದಲ್ಲೂ ಗಾಳಿಗೆ ದಾರಿ ಬೇಕು. ವಾಸನೆ ಬಂದರೆ ಸ್ವಿಚ್ ಮುಟ್ಟಬಾರದು, ಹಾಕಿದ್ದನ್ನು ಆರಿಸಲೂ ಹೋಗಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆಗೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಬೇಕು. ಜಾಯಿಂಟು ಸೋರುತ್ತಿದೆಯಾ ಅಂತ ನೋಡಲು ಸೋಪು ನೀರು ಹಚ್ಚಿದರೆ ಗುಳ್ಳೆ ಬರುತ್ತೆ. ಕಡ್ಡಿ ಗೀರಿ ನೋಡುವ ಶೂರರು ಈಗಲೂ ಇದ್ದಾರೆ, ಅವರಿಗೆ ನಮಸ್ಕಾರ. ಮೊನಾಕ್ಸೈಡ್ ಇದ್ಯಾವುದಕ್ಕೂ ಸಿಗಲ್ಲ. ಗಾಳಿಯಷ್ಟೇ ತೂಕ, ಕೋಣೆ ತುಂಬ ಬೆರೆತುಹೋಗುತ್ತೆ, ಮೂಗಿಗೆ ಏನೂ ಹೇಳಲ್ಲ.

ಅದಕ್ಕೆ ಅಲಾರ್ಮ್ ಬೇಕು. ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಈ ಅನಿಲವನ್ನು ತಾನೇ ಉಸಿರಾಡಿ, ತನಗೆ ಏನಾಗುತ್ತೆ ಅಂತ ಬರೆದಿಟ್ಟ ಮನುಷ್ಯ. ಗಣಿಗೆ ಇಳಿಯುವಾಗ ಸಣ್ಣ ಹಕ್ಕಿ ಒಯ್ಯಿರಿ ಎಂದವನೂ ಅವನೇ. ಮನುಷ್ಯನಿಗಿಂತ ಮೊದಲು ಅದು ಬೀಳುತ್ತೆ. ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಕ್ಯಾನರಿ ಹಕ್ಕಿಗಳಿದ್ದವು. ನಮ್ಮ ಮನೆಯಲ್ಲಿ ಆ ಹಕ್ಕಿಯ ಕೆಲಸ ನಾಲ್ಕನೇ ನಂಬರಿನವನದಾಗಿತ್ತು. ಈಗ ನಾಲ್ವರೂ ಪಾಲು ಹಾಕಿ ಒಂದು ಅಲಾರ್ಮ್ ತರಿಸಿದ್ದೇವೆ, ಯುಟಿಲಿಟಿಯ ಪಕ್ಕದ ಕೋಣೆಯಲ್ಲಿದೆ, ಸೊನ್ನೆ ತೋರಿಸುತ್ತಿದೆ. ಅದನ್ನು ಕೊಳ್ಳುವ ಮುಂಚೆ ಅಮೆರಿಕದ ಸ್ಟ್ಯಾಂಡರ್ಡ್ ಓದಿದೆವು. 70 ಪಿಪಿಎಂ ಇದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೆ, 150 ಇದ್ದರೆ 10ರಿಂದ 50 ನಿಮಿಷದಲ್ಲಿ, 400 ಇದ್ದರೆ 4ರಿಂದ 15 ನಿಮಿಷದಲ್ಲಿ ಕೂಗಬೇಕು ಅಂತಿದೆ. ಅಂದರೆ ಬಚ್ಚಲೊಳಗೇ ಗೀಸರ್ ಇಟ್ಟುಕೊಂಡು ಅಲಾರ್ಮ್ ನಂಬಿಕೊಂಡರೆ, ಅದು ಕೂಗುವ ಹೊತ್ತಿಗೆ ಸ್ನಾನವೇ ಮುಗಿದಿರಬಹುದು. ಜಾಗ ಸರಿಮಾಡಿದ ಮೇಲೆ ಅಲಾರ್ಮ್, ಜಾಗದ ಬದಲಿಗೆ ಅಲ್ಲ.

ಅಮೆರಿಕದ ಮಾತು ಬಂದದ್ದು ಸುಮ್ಮನೆ ಅಲ್ಲ. ನಮ್ಮ ಕನ್ನಡ ಬಳಗದ ಸೀನಿಯರ್ ಒಬ್ಬರು ಮಿನ್ನೆಸೋಟದಲ್ಲಿದ್ದಾರೆ. ಎಂಎಸ್‌ಗೆ ಹೋಗಿ ಹಳೆಯ ಮನೆಯೊಂದರಲ್ಲಿ ಬಾಡಿಗೆಗಿದ್ದಾರೆ, ಮೂವರು ಕನ್ನಡದವರೇ. ಸಿವಿಲ್‌ನ ಸುದ್ದಿ ಕೇಳಿ ವಿಡಿಯೋ ಕಾಲ್ ಮಾಡಿ, ಫೋನ್ ಹಿಡಿದುಕೊಂಡೇ ನೆಲಮಾಳಿಗೆಗೆ ಇಳಿದು ಅವರ ಗ್ಯಾಸ್ ಫರ್ನೇಸ್ ತೋರಿಸಿದರು. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಇಡೀ ಮನೆಯನ್ನು ಬೆಚ್ಚಗಿಡುವ ಯಂತ್ರ. ಅದರ ಪಟ್ಟಿಯಲ್ಲಿ ಗಂಟೆಗೆ 80,000 ಬಿಟಿಯು ಅಂತಿತ್ತು. ಮೆಕ್ಯಾನಿಕಲ್ ತಕ್ಷಣ ಲೆಕ್ಕ ಹಾಕಿದ: 23 ಕಿಲೋವ್ಯಾಟ್. ನಾಲ್ಕು ಬೈ ಆರರ ನಮ್ಮ ಬಚ್ಚಲಲ್ಲಿ ಉರಿಯುತ್ತಿದ್ದುದರ ಎರಡು ಪಟ್ಟು ಕೂಡ ಅಲ್ಲ. ಅವರ ಫರ್ನೇಸ್ ಉರಿಯಲು ಬೇಕಾದ ಗಾಳಿಯನ್ನು ಒಂದು ಪೈಪಿನಲ್ಲಿ ಹೊರಗಿಂದಲೇ ಎಳೆದುಕೊಳ್ಳುತ್ತೆ, ಹೊಗೆಯನ್ನು ಇನ್ನೊಂದು ಪೈಪಿನಲ್ಲಿ ಹೊರಗೇ ಬಿಡುತ್ತೆ. ಉರಿಗೂ ಮನೆಯೊಳಗಿನ ಗಾಳಿಗೂ ನಡುವೆ ಒಂದು ಲೋಹದ ಗೋಡೆ. ಅದು ಬಿರುಕು ಬಿಟ್ಟಿದೆಯಾ ಅಂತ ಪ್ರತಿ ವರ್ಷ ಚಳಿಗೆ ಮುಂಚೆ ಟೆಕ್ನಿಷಿಯನ್ ಬಂದು ನೋಡುತ್ತಾರೆ. ಗಾಳಿಯ ಫಿಲ್ಟರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಇವರೇ ಬದಲಾಯಿಸುತ್ತಾರೆ, ಅದು ಕಟ್ಟಿಕೊಂಡರೆ ಫರ್ನೇಸ್ ಕಾದು ಕಾದು ಆರುತ್ತೆ. ಜೋರು ಹಿಮ ಬಿದ್ದ ಬೆಳಗ್ಗೆ ಮೊದಲ ಕೆಲಸ ಕಾರಿನ ಮೇಲಿನದನ್ನು ಗುಡಿಸೋದಲ್ಲ, ಗೋಡೆಯಾಚೆ ಹೊಗೆ ಪೈಪಿನ ಬಾಯಿ ಮುಚ್ಚಿದೆಯಾ ಅಂತ ನೋಡೋದು. ಇಷ್ಟಾದರೂ ಮಲಗುವ ಕೋಣೆಗಳ ಹತ್ತು ಅಡಿಯೊಳಗೆ ಮೊನಾಕ್ಸೈಡ್ ಅಲಾರ್ಮ್ ಇರಲೇಬೇಕು ಅನ್ನೋದು ಆ ರಾಜ್ಯದ ಕಾನೂನು. "ಇಲ್ಲಿಗೆ ಬರೋರಿಗೆ ಹೇಳಿ, ಮನೆ ನೋಡೋಕೆ ಹೋದಾಗ ಅಲಾರ್ಮಿನ ಟೆಸ್ಟ್ ಬಟನ್ ಒತ್ತಿ ನೋಡ್ಬೇಕು ಅಂತ. ಅದು ಹಳೇದಾದ್ರೆ ಅದರ ಹಿಂದೆ ತಾರೀಖು ಇರುತ್ತೆ" ಅಂದರು. ಹೇಳಿದ್ದೇವೆ.

ಫೆಬ್ರವರಿಯಿಂದ ಪ್ರತಿ ಶನಿವಾರ ಮಧ್ಯಾಹ್ನ ನಾವು ಈ ಬೀದಿಯ ಹುಡುಗರ ಮನೆಗಳಿಗೆ ಹೋಗುತ್ತಿದ್ದೇವೆ. ಒಂದು ಟಾರ್ಚು, ಸೋಪು ನೀರಿನ ಬಾಟಲಿ, ಅಳತೆ ಟೇಪು. ಗೀಸರ್ ಬಿಚ್ಚುವುದಿಲ್ಲ, ಎಲ್ಲಿದೆ, ಗಾಳಿ ಎಲ್ಲಿಂದ ಬರುತ್ತೆ, ಉರಿ ಯಾವ ಬಣ್ಣ, ಮೇಲೆ ಮಸಿ ಇದೆಯಾ, ಪೈಪಿನ ವರ್ಷ ಯಾವುದು, ಇಷ್ಟು ನೋಡುತ್ತೇವೆ. ಒಂಬತ್ತು ಮನೆ ಆಗಿದೆ. ಆರರಲ್ಲಿ ಗೀಸರ್ ಬಚ್ಚಲೊಳಗೇ. ಮೂವರು ಓನರುಗಳು ಹೊರಗೆ ಹಾಕಿಸಿದ್ದಾರೆ, ಇಬ್ಬರು ರಜೆಯಲ್ಲಿ ಮಾಡಿಸುತ್ತೇವೆ ಅಂದಿದ್ದಾರೆ. ಒಬ್ಬರು ಒಪ್ಪಿಲ್ಲ. ಅದು ಸೆಕೆಂಡ್ ಇಯರಿನ ಐವರು ಇರುವ ಮನೆ, ತಿರುವಿನ ಹತ್ತಿರದ್ದು. ಬೀದಿಯಲ್ಲೇ ಅತಿ ಚಿಕ್ಕ ಬಚ್ಚಲು ಅವರದು. ಸದ್ಯಕ್ಕೆ ಅವರು ಬಾಗಿಲು ಪೂರ್ತಿ ತೆಗೆದಿಟ್ಟು ಬಕೆಟ್ ತುಂಬಿಸುತ್ತಾರೆ, 20 ಲೀಟರಿಗೆ ಮೂರೂವರೆ ನಿಮಿಷ ಸಾಕು. ಬಕೆಟ್ ತುಂಬಿದ ಮೇಲೆ ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿ ಆಡಲು ಬಿಟ್ಟು, ಆಮೇಲೆ ಬಾಗಿಲು ಹಾಕಿಕೊಂಡು ಸ್ನಾನ. ಇದು ಪರಿಹಾರ ಅಲ್ಲ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಈ ಶನಿವಾರ ಅವರ ಓನರನ್ನು ಮತ್ತೆ ನೋಡಲು ಹೋಗುತ್ತಿದ್ದೇವೆ. ಈ ಸಲ ಲೆಕ್ಕದ ಹಾಳೆ ಒಯ್ಯುತ್ತಿಲ್ಲ. ಆಂಟಿ ತಾವೇ ಜೊತೆಗೆ ಬರ್ತೀನಿ ಅಂದಿದ್ದಾರೆ.